ಮುಳ್ಳು ‘ಇ’ ಮುಟ್ಟಿದ ಮೇಲೆ ಎಷ್ಟು ದೂರ?

“ರಿಸರ್ವ್‌ಗೆ ಬಂದ್ಮೇಲೂ ಆರಾಮಾಗಿ ಐವತ್ತು ಕಿಲೋಮೀಟರ್ ಹೋಗುತ್ತೆ ಮಗಾ!” ಕಾರಲ್ಲಿ ಟ್ರಿಪ್ ಹೊರಟ ಪ್ರತಿ ಗ್ಯಾಂಗ್‌ನಲ್ಲೂ ಹೀಗೆ ಹೇಳೋನು ಒಬ್ಬ ಇರ್ತಾನೆ. ಸಪಾಟು ಹೈವೇಲಿ ಅವನ ಮಾತು ನಿಜವೂ ಆಗಬಹುದು. ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ನಂಬಬೇಡಿ.

ಫ್ಯೂಯೆಲ್ ಗೇಜ್ ಪೆಟ್ರೋಲನ್ನು ಅಳೆಯುವುದೇ ಇಲ್ಲ, ಅದು ಅಳೆಯೋದು ಎತ್ತರವನ್ನು. ಬಹುತೇಕ ಕಾರುಗಳ ಟ್ಯಾಂಕಿನೊಳಗೆ ತೇಲುವ ಒಂದು ಫ್ಲೋಟ್ ಇರುತ್ತದೆ. ಅದರ ಕಡ್ಡಿ ಮೇಲೆ ಕೆಳಗೆ ಆಡಿದಂತೆ ಒಂದು ರೆಸಿಸ್ಟೆನ್ಸ್ ಬದಲಾಗುತ್ತದೆ. ನಮ್ಮ ಲ್ಯಾಬಿನ ಪೊಟೆನ್ಶಿಯೋಮೀಟರ್ ಇದೆಯಲ್ಲ, ಅದೇ ಕಥೆ. ಆದರೆ ಟ್ಯಾಂಕ್ ಚೌಕಾಕಾರದ ಡಬ್ಬಿ ಅಲ್ಲ. ಸೀಟಿನ ಕೆಳಗೆ, ಸೈಲೆನ್ಸರ್ ಪೈಪಿನ ಪಕ್ಕ, ಸಿಕ್ಕ ಜಾಗಕ್ಕೆ ತಕ್ಕಂತೆ ಸೊಟ್ಟಪಟ್ಟ ಮಾಡಿರ್ತಾರೆ. ಹಾಗಾಗಿ ಒಂದು ಸೆಂಟಿಮೀಟರ್ ಮೇಲೆ ಒಂದಷ್ಟು ಪೆಟ್ರೋಲ್ ಆದರೆ, ತಳದಲ್ಲಿ ಇನ್ನೊಂದಷ್ಟು. ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಮುಳ್ಳು ಬಹಳ ಹೊತ್ತು ಅಲ್ಲಾಡದೆ, ಅರ್ಧ ದಾಟಿದ್ಮೇಲೆ ಸರಸರ ಇಳಿಯೋದಕ್ಕೆ ಇದೂ ಒಂದು ಕಾರಣ. ಏರಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದರೆ ಫ್ಲೋಟ್ ಕೂಡ ತಪ್ಪು ಲೆಕ್ಕ ಕೊಡುತ್ತದೆ.

“ಇನ್ನು 90 ಕಿ.ಮೀ.” ಅಂತ ಡಿಸ್‌ಪ್ಲೇ ತೋರಿಸುತ್ತಲ್ಲ? ಅದು ಇಲ್ಲಿಯವರೆಗಿನ ಮೈಲೇಜ್ ನೋಡಿ ಹಾಕಿದ ಅಂದಾಜು. 5 ಲೀಟರ್ ಉಳಿದಿದೆ, ಹೈವೇಲಿ ಲೀಟರಿಗೆ 18 ಬರ್ತಿತ್ತು ಅಂದ್ಕೊಳ್ಳಿ. ಘಾಟಿಯಲ್ಲಿ ಎರಡನೇ ಗೇರಲ್ಲಿ, ಐದು ಜನರನ್ನು ಹೊತ್ತು ಹತ್ತುವಾಗ ಮೈಲೇಜ್ 9ಕ್ಕೆ ಇಳಿದರೆ 90 ಅನ್ನೋದು 45 ಆಯ್ತು.

ಪದೇ ಪದೇ ರಿಸರ್ವ್‌ನಲ್ಲಿ ಓಡಿಸೋದು ಪಂಪಿಗೂ ಒಳ್ಳೇದಲ್ಲ. ಪೆಟ್ರೋಲ್ ಕಾರುಗಳಲ್ಲಿ ಪಂಪ್ ಇರೋದು ಟ್ಯಾಂಕಿನ ಒಳಗೇ. (ಪೆಟ್ರೋಲಲ್ಲಿ ಕರೆಂಟ್ ಮೋಟರಾ ಅಂತ ಗಾಬರಿ ಬೇಡ, ಉರಿಯೋಕೆ ಬೇಕಾದಷ್ಟು ಗಾಳಿ ಅಲ್ಲಿರಲ್ಲ.) ಆ ಮೋಟರನ್ನು ತಣ್ಣಗಿಡೋದೂ ಪೆಟ್ರೋಲೇ. ಒಂದು ಸಲಕ್ಕೆ ಏನೂ ಆಗಲಿಕ್ಕಿಲ್ಲ, ಚಟವಾದರೆ ಪಂಪ್ ಬೇಗ ಸವೆಯುತ್ತದೆ. “ತಳದ ಕಸ ಎಳ್ಕೊಳ್ಳುತ್ತೆ” ಅನ್ನೋ ಹೆದರಿಕೆಗೆ ಮಾತ್ರ ಅಷ್ಟು ಅರ್ಥವಿಲ್ಲ. ಟ್ಯಾಂಕ್ ತುಂಬಿದ್ದರೂ ಪಂಪ್ ಎಳೆಯೋದು ತಳದಿಂದಲೇ. ಡೀಸೆಲ್ ಕಾರಾದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಡೀಸೆಲ್ ಹಾಕಿದರೂ ಗಾಳಿ ಹೊರಹಾಕುವವರೆಗೆ ಸ್ಟಾರ್ಟ್ ಆಗೋದು ಕಷ್ಟ.

ನಿಜವಾದ ಅಪಾಯ ತಿರುವಿನಲ್ಲಿ ಇಂಜಿನ್ ಆಫ್ ಆದಾಗಿನದು. ಇಂಜಿನ್ ನಿಂತರೆ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರಿನಲ್ಲಿ ಉಳಿದಿರೋ ವ್ಯಾಕ್ಯೂಮ್ ಒಂದೆರಡು ಸಲ ಒತ್ತೋಕಷ್ಟೇ ಸಾಕು. ಆಮೇಲೆ ಬ್ರೇಕ್ ಕೆಲಸ ಮಾಡುತ್ತೆ, ಆದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಸ್ಟಿಯರಿಂಗೂ ಭಾರವಾಗಬಹುದು. ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡದೆ, ಒಂದೇ ಸಮನೆ ಒತ್ತಿ ಹಿಡಿದು ಎಡಕ್ಕೆ ತನ್ನಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ತೆಗೀಬೇಡಿ, ಸ್ಟಿಯರಿಂಗ್ ಲಾಕ್ ಆಗುತ್ತದೆ. ನಿಂತ ಮೇಲೆ ಹ್ಯಾಂಡ್‌ಬ್ರೇಕ್, ಹಜಾರ್ಡ್ ಲೈಟು, ಚಕ್ರಕ್ಕೊಂದು ಕಲ್ಲು.