ನಿಮಗಿದು ಗೊತ್ತೆ? ಕಲ್ಲಿದ್ದಲ ಸೀಮೆ ಹಾರ್ಲನ್

ಅಮೆರಿಕದ ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ವರ್ಜೀನಿಯಾದ ಗಡಿಗೆ ತಾಗಿಕೊಂಡಿದೆ ಹಾರ್ಲನ್ ಕೌಂಟಿ. ಇದು ರಚನೆಯಾದದ್ದು 1819ರಲ್ಲಿ. ರಾಜ್ಯದ ಅತಿ ಎತ್ತರದ ಬ್ಲ್ಯಾಕ್ ಮೌಂಟನ್ (ಸುಮಾರು 1,263 ಮೀಟರ್) ಇರುವುದೂ ಇಲ್ಲೇ. ನೆಲದಡಿ ಕಲ್ಲಿದ್ದಲು ಹೇರಳವಾಗಿದ್ದರೂ ಗುಡ್ಡಗಾಡಿನಿಂದ ಅದನ್ನು ಸಾಗಿಸುವ ದಾರಿ ಇರಲಿಲ್ಲ. 1910ರ ಆಸುಪಾಸಿನಲ್ಲಿ ರೈಲು ಬಂದದ್ದೇ ತಡ, ಗಣಿಗಳು ಒಂದರ ಹಿಂದೊಂದು ತೆರೆದುಕೊಂಡವು. 1917ರಲ್ಲಿ ಉಕ್ಕಿನ ಕಂಪನಿಯೊಂದು ಲಿಂಚ್ ಎಂಬ ಊರನ್ನೇ ಕಟ್ಟಿಸಿತು. ಅಲ್ಲಿ ಮನೆ, ಅಂಗಡಿ, ಆಸ್ಪತ್ರೆ ಎಲ್ಲವೂ ಕಂಪನಿಯದೇ. ಕೆಲಸ ಹೋದರೆ ಸೂರೂ ಹೋಯಿತು!

ಇಂಥ ಕಡೆ ಕಾರ್ಮಿಕ ಸಂಘ ಕಟ್ಟುವುದು ಹುಡುಗಾಟವೇ? 1931ರ ಮೇ 5ರಂದು ಎವರ್ಟ್ಸ್ ಬಳಿ ಗುಂಡಿನ ಕಾಳಗವೇ ನಡೆದು ಹೆಣಗಳು ಬಿದ್ದವು. ಅದೇ ವರ್ಷ ಸಂಘದ ಮುಂದಾಳು ಸ್ಯಾಮ್ ರೀಸ್‌ನನ್ನು ಹುಡುಕಿಕೊಂಡು ಷೆರಿಫ್‌ನ ಕಡೆಯವರು ಮನೆಗೆ ನುಗ್ಗಿದರು. ಆತ ಸಿಗಲಿಲ್ಲ. ಹೆಂಡತಿ ಫ್ಲಾರೆನ್ಸ್ ರೀಸ್ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಮೇಲೆ ‘ವಿಚ್ ಸೈಡ್ ಆರ್ ಯು ಆನ್?’ ಹಾಡು ಬರೆದಳು. ಮುಂದೆ ಅದು ದೇಶದ ಎಷ್ಟೋ ಮುಷ್ಕರಗಳಲ್ಲಿ ಮೊಳಗಿತು.

1973ರ ಬ್ರೂಕ್‌ಸೈಡ್ ಗಣಿ ಮುಷ್ಕರದ ಕುರಿತ ‘ಹಾರ್ಲನ್ ಕೌಂಟಿ ಯುಎಸ್‌ಎ’ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಸಿಕ್ಕಿದೆ. ಇನ್ನೊಂದು ತಮಾಷೆ: ಇಲ್ಲಿನ ಬೆನ್‌ಹ್ಯಾಮ್‌ನಲ್ಲಿರುವ ಕಲ್ಲಿದ್ದಲು ವಸ್ತುಸಂಗ್ರಹಾಲಯ ಕರೆಂಟ್ ಬಿಲ್ ಉಳಿಸಲು 2017ರಲ್ಲಿ ಚಾವಣಿ ಮೇಲೆ ಸೌರಫಲಕ ಹಾಕಿಸಿಕೊಂಡಿತು.