ಕೊಟ್ಟ ರಿಟರ್ನ್ ತಪ್ಪಾದರೆ ಏನು ಮಾಡಬೇಕು?

ಪೀಣ್ಯದ ಹತ್ತಿರ ಒಂದು ಮನೆ ಇದೆ ಎಂದು ಇಟ್ಟುಕೊಳ್ಳೋಣ. ಗಂಡ ಕಾರ್ಖಾನೆಯ ಟೂಲ್ ರೂಮಿನಲ್ಲಿ ಡೈ ಮಾಡುವವನು. ಇಪ್ಪತ್ತು ವರ್ಷದ ಅನುಭವ. ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಎರಡು ವರ್ಷದಿಂದ ಕಲಿಕಾ ಕೇಂದ್ರಕ್ಕೆ ಹೋಗಿ ಓದು ಬರಹ ಕಲಿತಿದ್ದಾಳೆ. ಮನೆಯ ಖರ್ಚು, ಸಂಬಳ, ಚೀಟಿ ಹಣ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ.

2025ರ ನವೆಂಬರ್ ತಿಂಗಳು. ಒಂದು ಭಾನುವಾರ ಆಕೆ ಗ್ಯಾಸ್ ಪುಸ್ತಕ ಹುಡುಕಲು ಟ್ರಂಕು ತೆಗೆದಳು. ಗಂಡನ ಆದಾಯ ತೆರಿಗೆ ಕಾಗದ ಕೈಗೆ ಸಿಕ್ಕಿತು. ಕಾಗದ ಇಂಗ್ಲಿಷಿನಲ್ಲಿತ್ತು. ಆದರೆ ಅಂಕಿ ಎಲ್ಲರಿಗೂ ಒಂದೇ ತಾನೆ?

"ರೀ, ಇಲ್ಲಿ ನಾಲ್ಕೂವರೆ ಲಕ್ಷ ಅಂತ ಇದೆಯಲ್ಲ, ಇದು ನಿಮ್ಮ ವರ್ಷದ ಸಂಬಳಾನಾ?"

"ಹೂಂ ಕಣೇ. ಸೈಬರ್ ಸೆಂಟರ್ ಹುಡುಗ ಹಾಕಿಕೊಟ್ಟಿದ್ದು. ಯಾಕೆ?"

"ನನ್ನ ಪುಸ್ತಕದಲ್ಲಿ ಎಂಟು ಲಕ್ಷದ ನಲವತ್ತು ಸಾವಿರ ಆಗತ್ತೆ. ಮೊದಲ ಆರು ತಿಂಗಳ ಸಂಬಳ ಎಲ್ಲಿ ಹೋಯ್ತು?"

ಗಂಡ ಕಾಗದ ತಿರುಗಿಸಿ ನೋಡಿದ. ಆಗ ಗೊತ್ತಾಯಿತು. ಆತ ವರ್ಷದ ನಡುವೆ ಕಂಪನಿ ಬದಲಾಯಿಸಿದ್ದ. 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿ. ಅಲ್ಲಿ ಓವರ್ ಟೈಮ್ ಸೇರಿ ತಿಂಗಳಿಗೆ 65,000 ರೂಪಾಯಿ. ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಇನ್ನೊಂದು ಕಂಪನಿ. ಅಲ್ಲಿ 75,000. ಸೈಬರ್ ಸೆಂಟರಿಗೆ ಹೊಸ ಕಂಪನಿಯ ಕಾಗದ ಮಾತ್ರ ಒಯ್ದಿದ್ದ. ಹುಡುಗ ಕೊಟ್ಟಿದ್ದನ್ನು ಹಾಕಿದ. ಕೇಳಬೇಕಾದ್ದನ್ನು ಕೇಳಲಿಲ್ಲ.

"ಬಿಡೇ. ತೆರಿಗೆ ಬರೋ ಹಾಗಿದ್ದಿದ್ರೆ ಕಂಪನಿಯವರೇ ಸಂಬಳದಲ್ಲಿ ಹಿಡೀತಿದ್ರು. ಇಬ್ಬರೂ ಒಂದು ಪೈಸೆ ಹಿಡಿದಿಲ್ಲ" ಅಂದ ಗಂಡ.

ಈ ಮಾತು ಪೀಣ್ಯದಲ್ಲೂ ವೈಟ್‌ಫೀಲ್ಡ್‌ನಲ್ಲೂ ಎಲ್ಲರೂ ಹೇಳುವ ಮಾತು. ತಪ್ಪು ಇರುವುದು ಇಲ್ಲಿಯೇ.

ಮೊದಲು ರಿಟರ್ನ್ ಎಂದರೆ ಏನು ನೋಡೋಣ. ಒಂದು ವರ್ಷದಲ್ಲಿ ನನಗೆ ಇಷ್ಟು ಆದಾಯ ಬಂತು, ಇಷ್ಟು ತೆರಿಗೆ ಕಟ್ಟಿದ್ದೇನೆ ಎಂದು ನಾವು ಸರಕಾರಕ್ಕೆ ಒಪ್ಪಿಸುವ ಲೆಕ್ಕವೇ ರಿಟರ್ನ್. ವರ್ಷ ಎಂದರೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ. ಲೆಕ್ಕ ಯಾರೇ ಬರೆದು ಹಾಕಲಿ, ಅದು ನಮ್ಮ ಪ್ಯಾನ್ ನಂಬರಿನಲ್ಲಿ ಹೋಗುತ್ತದೆ. ಜವಾಬ್ದಾರಿ ನಮ್ಮದೇ.

ಈಗ ಆ ಮನೆಯ ಲೆಕ್ಕ. 2024-25ರಲ್ಲಿ ಹೊಸ ಪದ್ಧತಿಯ ಪ್ರಕಾರ ಸಂಬಳದಾರರಿಗೆ ಮೊದಲು 75,000 ರೂಪಾಯಿ ಕಳೆಯುತ್ತಿದ್ದರು. ಉಳಿದ ಮೊತ್ತ 7 ಲಕ್ಷ ದಾಟದಿದ್ದರೆ ತೆರಿಗೆ ಇರಲಿಲ್ಲ. ಮೊದಲ ಕಂಪನಿ ಕೊಟ್ಟದ್ದು 3,90,000. ಅವರ ಕಣ್ಣಿಗೆ ಈತನಿಗೆ ತೆರಿಗೆ ಇಲ್ಲ. ಎರಡನೆಯ ಕಂಪನಿ ಕೊಟ್ಟದ್ದು 4,50,000. ಅವರ ಕಣ್ಣಿಗೂ ತೆರಿಗೆ ಇಲ್ಲ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಆದರೆ ಎರಡೂ ಸೇರಿದರೆ 8,40,000. ಅದರಲ್ಲಿ 75,000 ಕಳೆದರೆ 7,65,000. ಮಿತಿ ದಾಟಿತು.

ದಾಟಿದ ಮೇಲೆ ಲೆಕ್ಕ ಹೀಗೆ. ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 4 ಲಕ್ಷಕ್ಕೆ ನೂರಕ್ಕೆ 5ರಂತೆ 20,000. ಉಳಿದ 65,000ಕ್ಕೆ ನೂರಕ್ಕೆ 10ರಂತೆ 6,500. ಒಟ್ಟು 26,500. ಅದರ ಮೇಲೆ ನೂರಕ್ಕೆ 4ರಂತೆ ಸೆಸ್ 1,060. ಕೊನೆಗೆ ಕಟ್ಟಬೇಕಾದದ್ದು 27,560 ರೂಪಾಯಿ. ಸೊನ್ನೆ ಅಂದುಕೊಂಡಿದ್ದ ಮನೆಗೆ ಇದು ಸಣ್ಣ ಮೊತ್ತವಲ್ಲ.

(ಕೆಲಸ ಬದಲಾಯಿಸುವವರು ಹಿಂದಿನ ಕಂಪನಿಯ ಸಂಬಳವನ್ನು ಹೊಸ ಕಂಪನಿಗೆ ಬರೆದುಕೊಡಬಹುದು. ಆಗ ಅವರು ಎರಡನ್ನೂ ಕೂಡಿಸಿ ತಿಂಗಳು ತಿಂಗಳು ತೆರಿಗೆ ಹಿಡಿಯುತ್ತಾರೆ. ಹಳೆ ಸಂಬಳ ಹೇಳಲು ಸಂಕೋಚ ಪಟ್ಟು ಬಹಳ ಜನ ಇದನ್ನು ಮಾಡುವುದಿಲ್ಲ.)

"ಸುಮ್ಮನಿದ್ದುಬಿಟ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ಗಂಡ ಕೇಳಿದ. ಗೊತ್ತಾಗುತ್ತದೆ. ಕಂಪನಿಗಳು ಸಂಬಳದ ವಿವರವನ್ನು ಇಲಾಖೆಗೆ ಕಳಿಸುತ್ತವೆ. ಬ್ಯಾಂಕುಗಳು ಬಡ್ಡಿಯ ವಿವರ ಕಳಿಸುತ್ತವೆ. ಎಲ್ಲವೂ ನಮ್ಮ ಪ್ಯಾನ್ ನಂಬರಿನ ಕೆಳಗೆ ಸೇರುತ್ತವೆ. ಆ ಪಟ್ಟಿಗೆ ಎ.ಐ.ಎಸ್. ಎನ್ನುತ್ತಾರೆ. 2021ರಿಂದ ಇದನ್ನು ನಾವೂ ತೆರಿಗೆ ಪೋರ್ಟಲ್‌ನಲ್ಲಿ ನೋಡಬಹುದು. ರಿಟರ್ನ್ ಹಾಕುವ ಮೊದಲೇ ಇದನ್ನು ಪ್ರಿಂಟ್ ತೆಗೆಸಿ ನೋಡುವುದು ಒಳ್ಳೆಯದು. ನಾವು ಮರೆತದ್ದು ಅಲ್ಲಿ ಇರುತ್ತದೆ.

ಕೊಟ್ಟ ಲೆಕ್ಕವನ್ನು ತಿದ್ದಬಹುದೇ?

ತಿದ್ದಬಹುದು. ಅದಕ್ಕೆ ಪರಿಷ್ಕೃತ ರಿಟರ್ನ್ ಎಂದು ಹೆಸರು. ರಿವೈಸ್ಡ್ ರಿಟರ್ನ್ ಎಂದರೆ ಸೈಬರ್ ಸೆಂಟರಿನವರಿಗೆ ಗೊತ್ತಾಗುತ್ತದೆ. ಹಳೆಯ ಕಾಗದದ ಮೇಲೆ ಗೀಟು ಹಾಕಿ ತಿದ್ದುವುದಲ್ಲ ಇದು. ಇಡೀ ಲೆಕ್ಕವನ್ನು ಹೊಸದಾಗಿ ಬರೆದು ಕೊಡಬೇಕು. ಹೊಸದು ಹೋದ ಮೇಲೆ ಅದೇ ಲೆಕ್ಕ, ಹಳೆಯದು ಲೆಕ್ಕಕ್ಕಿಲ್ಲ. ಹೊಸದರಲ್ಲೂ ತಪ್ಪಿದ್ದರೆ, ಗಡುವು ಮುಗಿಯದಿದ್ದರೆ, ಮತ್ತೊಮ್ಮೆ ಕೊಡಬಹುದು.

2024-25ರ ಆದಾಯಕ್ಕೆ ರಿಟರ್ನ್ ಕೊಡಲು 2025ರ ಸೆಪ್ಟೆಂಬರ್ 16ರವರೆಗೆ ಸಮಯವಿತ್ತು. ಅದನ್ನು ತಿದ್ದಲು 2025ರ ಡಿಸೆಂಬರ್ 31 ಕೊನೆಯ ದಿನ. ಆ ಮನೆಯವರಿಗೆ ಇನ್ನೂ ಒಂದು ತಿಂಗಳ ಮೇಲೆ ಸಮಯ ಉಳಿದಿತ್ತು. ತಿದ್ದಲು ಆಗ ಬೇರೆ ಶುಲ್ಕ ಇರಲಿಲ್ಲ. ತೆರಿಗೆ, ಅದರ ಬಡ್ಡಿ, ಅಷ್ಟೇ. ನವೆಂಬರ್‌ನಲ್ಲೇ ಕಟ್ಟಿದರೆ ಬಡ್ಡಿ ಸುಮಾರು 3,600 ರೂಪಾಯಿ.

ಗಂಡ ಹೆಂಡತಿ ಮುಂದಿನ ವಾರ ಒಬ್ಬ ಆಡಿಟರ್ ಹತ್ತಿರ ಹೋದರು. ಎರಡೂ ಕಂಪನಿಯ ಕಾಗದ, ಪ್ಯಾನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ದರು. ಹಳೆಯ ರಿಟರ್ನ್‌ನ ರಸೀದಿಯನ್ನು ಮರೆಯಲಿಲ್ಲ. ಅದರ ಮೇಲೆ 15 ಅಂಕಿಯ ಒಂದು ನಂಬರ್ ಇರುತ್ತದೆ. ತಿದ್ದಿದ ರಿಟರ್ನ್‌ನಲ್ಲಿ ಹಳೆಯ ರಿಟರ್ನ್‌ನ ಆ ನಂಬರು, ಕೊಟ್ಟ ತಾರೀಕು ಎರಡನ್ನೂ ಬರೆಯಬೇಕು. ಮೊದಲು ಚಲನ್ ಮೂಲಕ ಹಣ ಕಟ್ಟಿದರು. ಆಮೇಲೆ ರಿಟರ್ನ್ ಹಾಕಿದರು.

"ಮುಗೀತಾ ಸಾರ್?" ಎಂದು ಹೆಂಡತಿ ಕೇಳಿದಳು.

"ಇಲ್ಲಮ್ಮ. ಇನ್ನು ನಿಮ್ಮ ಯಜಮಾನರು ಇದು ನನ್ನದೇ ಲೆಕ್ಕ ಅಂತ ಒಪ್ಪಿಗೆ ಕೊಡಬೇಕು. ಮೊಬೈಲಿಗೆ ಓ.ಟಿ.ಪಿ. ಬರುತ್ತೆ ನೋಡಿ."

ಈ ಒಪ್ಪಿಗೆಯನ್ನು 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ರಿಟರ್ನ್ ಕೊಟ್ಟೂ ಕೊಡದಂತೆ. ಆಧಾರ್‌ಗೆ ಸೇರಿಸಿದ ಮೊಬೈಲಿಗೆ ಓ.ಟಿ.ಪಿ. ಬರುತ್ತದೆ. ಹಳೇ ಸಿಮ್ ಬಿಸಾಕಿದವರು ಇಲ್ಲಿ ಒದ್ದಾಡುತ್ತಾರೆ. ಅಂಥವರು ಒಂದು ಪುಟದ ರಸೀದಿಗೆ ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ಎಲ್ಲಿಗೆ ಗೊತ್ತೇ? ದೆಹಲಿಗಲ್ಲ, ನಮ್ಮ ಬೆಂಗಳೂರಿಗೇ. ಪಿನ್ ಕೋಡ್ 560500.

ದೇಶದ ಯಾವ ಮೂಲೆಯವರು ರಿಟರ್ನ್ ಹಾಕಿದರೂ ಅದನ್ನು ನೋಡುವ ಕೇಂದ್ರ ಇಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಸಿ.ಪಿ.ಸಿ. ಎಂದು ಅದರ ಹೆಸರು. 2009ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ರಿಟರ್ನ್‌ಗಳನ್ನು ಆಯಾ ಊರಿನ ಕಚೇರಿಯಲ್ಲಿ ಕೈಯಲ್ಲೇ ನೋಡುತ್ತಿದ್ದರು. ಈಗ ಕಂಪ್ಯೂಟರ್ ನೋಡುತ್ತದೆ. ಪೀಣ್ಯದಿಂದ ಹಸಿರು ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ಮೆಟ್ರೊ ಹಿಡಿದರೆ ಇಲೆಕ್ಟ್ರಾನಿಕ್ ಸಿಟಿಗೆ ಹೋಗಬಹುದು. ಆದರೆ ಇದಕ್ಕಾಗಿ ಯಾರೂ ರಜೆ ಹಾಕಿ ಹೋಗಬೇಕಾಗಿಲ್ಲ. ಸಂದೇಹ ಕೇಳಲು 1800 103 0025 ನಂಬರ್ ಇದೆ. ಹಣ ಕೊಡಬೇಕಿಲ್ಲ.

ಸಿ.ಪಿ.ಸಿ. ಲೆಕ್ಕ ನೋಡಿದ ಮೇಲೆ ನಮಗೆ ಒಂದು ತಿಳುವಳಿಕೆ ಪತ್ರ ಬರುತ್ತದೆ. ಒಂದು ಕಡೆ ನಾವು ಬರೆದ ಅಂಕಿ, ಇನ್ನೊಂದು ಕಡೆ ಅವರು ಹಾಕಿದ ಅಂಕಿ. ಎರಡನ್ನೂ ಬೆರಳಿಟ್ಟು ಓದಿ. ನಮ್ಮ ಲೆಕ್ಕ ಸರಿಯಿದ್ದು ಅವರ ಕಡೆ ವ್ಯತ್ಯಾಸ ಕಂಡರೆ ಹೊಸ ರಿಟರ್ನ್ ಬೇಡ. ತಿದ್ದುಪಡಿ ಕೋರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಹಾಗೆಯೇ, ವಾಪಸ್ ಬರಬೇಕಾದ ಹಣ ಬ್ಯಾಂಕ್ ಖಾತೆ ನಂಬರ್ ತಪ್ಪಾಗಿ ನಿಂತಿದ್ದರೆ ಅದಕ್ಕೂ ರಿಟರ್ನ್ ತಿದ್ದಬೇಕಿಲ್ಲ. ಸರಿಯಾದ ಖಾತೆ ಸೇರಿಸಿ, ಹಣ ಮತ್ತೆ ಕಳಿಸಿ ಎಂದು ಕೇಳಿದರೆ ಸಾಕು. ಇಂಥ ಸಣ್ಣ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುವವರೂ ಇದ್ದಾರೆ.

ಡಿಸೆಂಬರ್ ದಾಟಿಹೋದರೆ?

ಆಗಲೂ ದಾರಿ ಇದೆ, ದುಬಾರಿ. 2022ರಲ್ಲಿ ಅಪ್‌ಡೇಟೆಡ್ ರಿಟರ್ನ್ ಎಂಬುದನ್ನು ತಂದರು. ಮೊದಲು ಎರಡು ವರ್ಷದ ಅವಕಾಶವಿತ್ತು. 2025ರಲ್ಲಿ ನಾಲ್ಕು ವರ್ಷಕ್ಕೆ ಏರಿಸಿದರು. ಆದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ನೂರಕ್ಕೆ 25 ಹೆಚ್ಚು ಕಟ್ಟಬೇಕು. ಎರಡನೆಯ ವರ್ಷ 50, ಮೂರನೆಯ ವರ್ಷ 60, ನಾಲ್ಕನೆಯ ವರ್ಷ 70. ನಮ್ಮ ಡೈ ಕೆಲಸಗಾರ ಡಿಸೆಂಬರ್ ತಪ್ಪಿಸಿದ್ದರೆ ಏಳೂವರೆ ಸಾವಿರಕ್ಕಿಂತ ಹೆಚ್ಚು ದಂಡವಾಗಿ ಹೋಗುತ್ತಿತ್ತು. ಈ ದಾರಿಯಲ್ಲಿ ತೆರಿಗೆ ಕಡಿಮೆ ಮಾಡಿಸಿಕೊಳ್ಳಲು, ಹಣ ವಾಪಸ್ ಕೇಳಲು ಆಗುವುದಿಲ್ಲ. ಹೆಚ್ಚು ಕಟ್ಟುವವರಿಗೆ ಮಾತ್ರ ಈ ಬಾಗಿಲು.

ತಾರೀಕುಗಳು ಬದಲಾಗುತ್ತಿರುತ್ತವೆ. 2026ರ ಫೆಬ್ರವರಿಯ ಬಜೆಟ್ಟಿನಲ್ಲಿ, ತಿದ್ದುವ ಗಡುವನ್ನು ಸ್ವಲ್ಪ ಶುಲ್ಕದೊಡನೆ ಮಾರ್ಚ್ 31ರವರೆಗೆ ಮುಂದೂಡುವ ಪ್ರಸ್ತಾಪ ಬಂತು. ನಿಮ್ಮ ವರ್ಷದ ಗಡುವು ಯಾವುದು ಎಂದು ಕೇಳಿಕೊಳ್ಳಿ.

ಇನ್ನೊಂದು ಬಗೆಯ ತಪ್ಪು ಇದೆ. ಅದನ್ನು ತಪ್ಪು ಎನ್ನುವುದಕ್ಕಿಂತ ಸುಳ್ಳು ಎನ್ನಬೇಕು. "ನಿಮ್ಮ ಹಣ ವಾಪಸ್ ಕೊಡಿಸ್ತೀನಿ, ಬಂದದ್ದರಲ್ಲಿ ನನಗೆ ಇಷ್ಟು ಕೊಡಿ" ಎಂದು ಏಜೆಂಟರು ಬರುತ್ತಾರೆ. ಇಲ್ಲದ ಮನೆ ಸಾಲ, ಕಟ್ಟದ ವಿಮೆ, ಕೊಡದ ದಾನ, ಎಲ್ಲ ಬರೆಯುತ್ತಾರೆ. ಹಣ ಬರುತ್ತದೆ, ಏಜೆಂಟ್ ಪಾಲು ಹಿಡಿದು ಹೋಗುತ್ತಾನೆ. ನೋಟಿಸ್ ಬರುವುದು ನಮ್ಮ ಮನೆಗೆ. ಓದಿದವರು ಮೋಸ ಹೋಗುವುದಿಲ್ಲ ಎಂದುಕೊಳ್ಳಬೇಡಿ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಂಥದೊಂದು ಜಾಲವನ್ನು ಇಲಾಖೆ ಹಿಡಿಯಿತು. ಅದರಲ್ಲಿದ್ದವರು ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ನೌಕರರು. ಆ ಏಪ್ರಿಲ್‌ನಲ್ಲಿ ಸಿ.ಪಿ.ಸಿ. ಎಲ್ಲ ಸಂಬಳದಾರರಿಗೂ ಎಚ್ಚರಿಕೆ ಕೊಟ್ಟಿತು.

ಸುಳ್ಳು ಲೆಕ್ಕ ಎಂದು ಇಲಾಖೆಯೇ ಹಿಡಿದರೆ, ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಹಾಕಬಹುದು. ಅವರು ಹಿಡಿಯುವ ಮೊದಲು ನಾವೇ ತಿದ್ದಿಕೊಂಡರೆ ಹೊರೆ ಕಡಿಮೆ. 2025ರ ಜುಲೈಯಲ್ಲಿ ಇಲಾಖೆ ಒಂದು ಲೆಕ್ಕ ಕೊಟ್ಟಿತು. ಹಿಂದಿನ ನಾಲ್ಕು ತಿಂಗಳಲ್ಲಿ ದೇಶದಲ್ಲಿ ಸುಮಾರು 40,000 ಜನ ತಾವಾಗಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ರಿಯಾಯಿತಿ ಹಿಂದಕ್ಕೆ ತೆಗೆದುಕೊಂಡಿದ್ದರು. ಏಜೆಂಟ್ ಏನು ಬರೆದಿದ್ದಾನೋ ಎಂಬ ಅನುಮಾನ ಇರುವವರು ರಿಟರ್ನ್‌ನ ಪೂರ್ತಿ ಪ್ರತಿ ತೆಗೆಸಿ, ಬೇರೆ ಒಬ್ಬರ ಹತ್ತಿರ ಓದಿಸಿ.

ಆ ಮನೆಯ ಕಥೆಗೆ ಬರೋಣ. ನವೆಂಬರ್ ಮುಗಿಯುವ ಮೊದಲು 31,150 ರೂಪಾಯಿ ಕಟ್ಟಿದರು. ಚೀಟಿ ಹಣ ಅದಕ್ಕೇ ಹೋಯಿತು. ಗಂಡನಿಗೆ ಎರಡು ದಿನ ಮುಖ ಸಪ್ಪಗಿತ್ತು. ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದಳು: "ತೆರಿಗೆ 27,560. ಬಡ್ಡಿ 3,590. ಆಡಿಟರ್ ಫೀಸು ಬೇರೆ." ಹಳೆಯ ರಸೀದಿ, ಹೊಸ ರಸೀದಿ, ಚಲನ್ ಮೂರನ್ನೂ ಪಿನ್ ಮಾಡಿ ಟ್ರಂಕಿನಲ್ಲಿಟ್ಟಳು. ಗ್ಯಾಸ್ ಪುಸ್ತಕ ಕೂಡ ಅಲ್ಲೇ ತಳದಲ್ಲಿ ಸಿಕ್ಕಿತು.