ರವಾನೆ ಬೇರೆ, ಬಟವಾಡೆ ಬೇರೆ

ಬೆಂಗಳೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮೂರ ಶಾಲೆಗೆಂದು ಪುಸ್ತಕಗಳ ಗಂಟೊಂದನ್ನು ಟಪಾಲಿನಲ್ಲಿ ಕಳುಹಿಸಿದರೆಂದು ಭಾವಿಸೋಣ. ಮರುದಿನ ಅವರ ಮೊಬೈಲಿನಲ್ಲಿ ‘ಡಿಸ್‌ಪ್ಯಾಚ್ಡ್’ ಎಂಬ ಶಬ್ದ ಮೂಡುತ್ತದೆ. ಗಂಟು ಮುಟ್ಟಿತೆಂದು ಅವರು ನೆಮ್ಮದಿ ತಾಳುತ್ತಾರೆ. ಇತ್ತ ಬಮ್ಮಿಗಟ್ಟಿಯಲ್ಲಿ ಗುರುಗಳು ಅದರ ದಾರಿ ಕಾಯುತ್ತಲೇ ಇರುತ್ತಾರೆ. ಇಲ್ಲಿ ತಪ್ಪು ಯಾರದೂ ಅಲ್ಲ. ಒಂದನ್ನೊಂದು ಹೋಲುವ ಇಂಗ್ಲಿಷ್ ಶಬ್ದಗಳ ಅಂತರವನ್ನು ಅರಿಯದುದೇ ಈ ಗೊಂದಲಕ್ಕೆ ಮೂಲ.

ಅಂತರವನ್ನು ಅರಿಯಲು ಒಂದೇ ಪ್ರಶ್ನೆ ಸಾಕು: ವಸ್ತುವು ಈಗ ಯಾರ ವಶದಲ್ಲಿದೆ?

‘ಬುಕ್ಡ್’ ಎಂದರೆ ಅಂಚೆ ಕಚೇರಿಯು ಗಂಟನ್ನು ಸ್ವೀಕರಿಸಿ ರಸೀದಿ ಕೊಟ್ಟಿದೆ ಎಂದರ್ಥ. ‘ಡಿಸ್‌ಪ್ಯಾಚ್ಡ್’ ಎಂದರೆ ಒಂದು ಕಚೇರಿಯು ಅದನ್ನು ಮುಂದಿನ ಕಚೇರಿಗೆ ರವಾನಿಸಿದೆ ಎಂದಷ್ಟೇ. ಮಾರ್ಗಮಧ್ಯದಲ್ಲಿ ಹಲವು ಕಚೇರಿಗಳಿರುವುದರಿಂದ ಒಂದೇ ಗಂಟಿಗೆ ಈ ಶಬ್ದವು ಹಲವು ಸಲ ಬರಬಹುದು. ‘ಔಟ್ ಫಾರ್ ಡೆಲಿವರಿ’ ಎಂದಾಗ ಗಂಟು ಬಟವಾಡೆಗಾಗಿ ಟಪಾಲಿನವರ ಕೈಸೇರಿದೆ. ಇನ್ನೂ ನಮ್ಮ ಕೈ ಸೇರಿಲ್ಲ. ‘ಡೆಲಿವರ್ಡ್’ ಎಂದಾಗಲೇ ಬಟವಾಡೆ ಪೂರ್ಣವಾಯಿತೆಂದು ದಾಖಲೆ ಹೇಳುತ್ತದೆ.

ಮರಳಿ ಬಂದ ಗಂಟಿನ ಮೇಲಿನ ಶಬ್ದಗಳಲ್ಲಿಯೂ ಭೇದವುಂಟು. ‘ರಿಫ್ಯೂಸ್ಡ್’ ಎಂದರೆ ಪಡೆಯಬೇಕಾದವರು ಬೇಡವೆಂದರು. ‘ಅನ್‌ಕ್ಲೇಮ್ಡ್’ ಎಂದರೆ ಇಟ್ಟುಕೊಂಡ ಅವಧಿಯೊಳಗೆ ಯಾರೂ ಪಡೆಯಲಿಲ್ಲ. ಮೊದಲನೆಯದು ನಿರಾಕರಣೆ, ಎರಡನೆಯದು ಗೈರುಹಾಜರಿ ಇಲ್ಲವೆ ಅಲಕ್ಷ್ಯ. ಕಾನೂನಿನ ನೋಟೀಸನ್ನು ನಿರಾಕರಿಸಿದರೆ ಅದು ಮುಟ್ಟಿತೆಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತವೆ; ಆದುದರಿಂದ ಈ ಶಬ್ದವನ್ನು ಹಗುರಾಗಿ ಎಣಿಸಲಾಗದು.

‘ಸ್ಪೀಡ್’ ಮತ್ತು ‘ರಜಿಸ್ಟರ್ಡ್’ ಎಂಬವೂ ಒಂದೇ ಅಲ್ಲ. ಮೊದಲನೆಯದು ವೇಗವನ್ನು ಸೂಚಿಸಿದರೆ ಎರಡನೆಯದು ಭದ್ರತೆಯನ್ನು ಸೂಚಿಸುತ್ತದೆ. 1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟಿನಲ್ಲಿ ರಜಿಸ್ಟರ್ಡ್ ಪೋಸ್ಟ್ 2025ರಲ್ಲಿ ವಿಲೀನಗೊಂಡಿದೆ. ವಿಳಾಸದಾರರಿಗೆ ಅಥವಾ ಅವರು ಒಪ್ಪಿಗೆಯಿತ್ತವರಿಗೆ ಮಾತ್ರ ಬಟವಾಡೆಯಾಗಬೇಕೆನ್ನುವವರು ಈಗ ಸ್ಪೀಡ್ ಪೋಸ್ಟಿನ ಜೊತೆಗೆ ರಜಿಸ್ಟ್ರೇಶನ್ನನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಲಾರಿಯಲ್ಲಿ ಬೆಂಚು, ಕಪಾಟು ಕಳುಹಿಸುವ ದಾನಿಗಳು ಇನ್ನೆರಡು ಜೋಡಿಗಳನ್ನು ನೆನಪಿಡಬೇಕು. ‘ಕನ್‌ಸೈನರ್’ ಕಳುಹಿಸುವವರು, ‘ಕನ್‌ಸೈನೀ’ ಪಡೆಯುವವರು. ರಸೀದಿಯ ಮೇಲೆ ‘ಪೇಡ್’ ಎಂದಿದ್ದರೆ ಬಾಡಿಗೆ ಸಂದಾಯವಾಗಿದೆ. ‘ಟು ಪೇ’ ಎಂದಿದ್ದರೆ ಮಾಲು ಬಿಡಿಸಿಕೊಳ್ಳುವವರೇ ತೆರಬೇಕು. ಕೊಟ್ಟ ದಾನವು ಶಾಲೆಗೆ ಭಾರವಾಗದಿರಲು ಈ ಒಂದು ಶಬ್ದವನ್ನು ನೋಡಿ ಸಹಿ ಮಾಡುವುದು ಲೇಸು.

ದಾಸೋಹದ ಅನ್ನವು ಒಲೆಯ ಮೇಲೆ ಬೆಂದ ಮಾತ್ರಕ್ಕೆ ದಾಸೋಹವಾಗದು. ಹಸಿದವರ ಎಲೆಗೆ ಬಿದ್ದಾಗಲೇ ಅದು ಸಾರ್ಥಕ. ಕಳುಹಿಸಿದ ವಸ್ತುವಿನ ಮಾತೂ ಹಾಗೆಯೇ. ಗುರುಗಳು ಇಂಥ ಶಬ್ದಗಳನ್ನು ನಿಜವಾದ ರಸೀದಿಗಳನ್ನಿಟ್ಟುಕೊಂಡು ಮಕ್ಕಳಿಗೆ ತಿಳಿಸಿದರೆ, ಆ ಮಕ್ಕಳು ಮನೆಯ ಹಿರಿಯರಿಗೂ ಓದಿ ಹೇಳಬಲ್ಲರು.